ಸೋರಿಕೆ

ಎಲೆಕ್ಟ್ರಾನಿಕ್ ಕಾಟಾ ಬಂದ ವರ್ಷ
ಹಳೇ ತಕ್ಕಡಿಯ ಒಂದು ತಟ್ಟೆ ಗುಜರಿಗೆ ಹೋಯಿತು.
ಇನ್ನೊಂದನ್ನು ಮೂರೂ ಸರಪಳಿ ಸಮೇತ
ಅಂಗಡಿ ಹಿಂದಿನ ಕಿತ್ತಳೆ ಗಿಡಕ್ಕೆ ತೂಗಿಬಿಟ್ಟೆ.
ಗೋಣಿ ಕೊಡವಿದಾಗ ಉದುರಿದ್ದು, ನೆಲ ಗುಡಿಸಿದ್ದು,
ಇಲಿ ಕಡಿದ ಮೂಟೆಯ ನುಚ್ಚು.
ಸರ್ಕಾರದ ಪುಸ್ತಕದಲ್ಲಿ ಇದಕ್ಕೆ ಸೋರಿಕೆ ಎಂದು ಹೆಸರು.
ನಾಪೋಕ್ಲಿನ ಹಕ್ಕಿಗಳು ಏನೆನ್ನುತ್ತವೋ ಗೊತ್ತಿಲ್ಲ.

ಶುರು ಮಾಡಿದ್ದೇ ಕಕ್ಕಡದಲ್ಲಿ,
ಏನನ್ನೂ ಶುರು ಮಾಡಬಾರದ ತಿಂಗಳು.
ಮೂರನೇ ದಿನಕ್ಕೆ ಅಕ್ಕಿ ಹುಳಿ ನಾತ.
ನಡುವೆ ಸೇರಿಕೊಂಡಿದ್ದ ನಾಲ್ಕು ಭತ್ತದ ಕಾಳು
ತಟ್ಟೆಯಲ್ಲೇ ಮೊಳೆತು
ಅಂಗೈಯಗಲ ಸಸಿಮಡಿ.
ಒಂದು ಮಡಿವಾಳ ಮಾತ್ರ, ನೆನೆದ ಬಾಲ ಬತ್ತಿಯಂತೆ ಹೊಸೆದುಕೊಂಡು,
ಅಂಚಿಗೆ ಕೂತು, ಕತ್ತು ಓರೆ ಮಾಡಿ,
ಅಕ್ಕಿ ಬಿಟ್ಟು
ಅಕ್ಕಿಯೊಳಗಿನ ನುಸಿ ಹೆಕ್ಕಿಕೊಂಡು ಹೋಯಿತು.
ನನ್ನ ದಾಸ್ತಾನಿನ ಮೇಲೆ ಇಷ್ಟು ನೇರವಾದ ಷರಾ
ಫುಡ್ ಇನ್‌ಸ್ಪೆಕ್ಟರೂ ಬರೆದದ್ದಿಲ್ಲ.

ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿದ ವಾರ
ಕುಂಡೆಕುಸ್ಕ ಬಂತು. ಹಿಮಾಲಯದ ಕಡೆಯದಂತೆ.
ಅಷ್ಟು ದೂರದಿಂದ ಬಂದದ್ದಕ್ಕೆ ತಟ್ಟೆ ಬೇಡ,
ಚರಂಡಿಯಂಚೇ ಸಾಕು; ಓಡುವುದು, ನಿಲ್ಲುವುದು,
ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ.
ಬೇರೆ ರಾಜ್ಯದ ಕಾರ್ಡು ಅಂತ ನಾನೂ ತಕರಾರು ಎತ್ತಲಿಲ್ಲ.

ಆಮೇಲೆ ರಾಟವಾಳಗಳ ಕಾಲ.
ಒಂದು ಬಂದರೆ ಹದಿನೆಂಟು; ತಟ್ಟೆ ಗಿರ್ರನೆ ತಿರುಗಿ
ಅರ್ಧ ಅಕ್ಕಿ ನೆಲಕ್ಕೆ, ನೆಲದಲ್ಲಿ ಹರಟೆಮಲ್ಲರ ಪಂಚಾಯಿತಿ.
ಹೊಳೆಯಾಚೆ ಗದ್ದೆಯಲ್ಲಿ ಹಾಲುಗಾಳು ಕಟ್ಟಿತು ನೋಡಿ,
ಪುತ್ತರಿಗಿನ್ನೂ ಮೂರು ವಾರ ಇರುವಾಗಲೇ
ಹದಿನೆಂಟೂ ಮಾಯ.
ಕದಿರು ತೆಗೆಯಲು ಮುಹೂರ್ತ ಕಾಯುವುದು ನಾವು ಮಾತ್ರ.

ಕಾಫಿ ಕುಯ್ಲಿನಲ್ಲಿ ಮೆಷಿನ್ನು ಹಟಕ್ಕೆ ಬೀಳುತ್ತದೆ.
ಬೊಳ್ಳಿಯ ಹೆಬ್ಬೆರಳು ಕಾಫಿಯ ಅಂಟಿಗೆ ಕಪ್ಪಿಟ್ಟು, ಗೆರೆ ಸವೆದು,
ಒತ್ತಿದಷ್ಟೂ ಸಲ
ಹೊಂದಾಣಿಕೆ ಆಗಿಲ್ಲ, ಹೊಂದಾಣಿಕೆ ಆಗಿಲ್ಲ.
ಸರ್ವರ್ ಬರುವವರೆಗೆ ಹಿಂದೆ ಕೂತಿರು ಅಂದೆ.
ಚೀಲ ಮಡಚಿ ಮಡಿಲಲ್ಲಿಟ್ಟು ಕೂತಳು,
ತುಂಬಿದ ತಟ್ಟೆ ನೋಡುತ್ತ.

ಈ ಸಲ ಒಂದೂ ಬರ್ತಿಲ್ಲ ಬೊಳ್ಳಿ,
ನನ್ನಿಂದ ಏನು ತಪ್ಪಾಯ್ತೋ.

ಅವಳು ಬೆರಳು ತೋರಿಸಿದಳು, ಮೆಷಿನ್ನು ಒಲ್ಲೆನೆಂದ ಅದೇ ಬೆರಳು.
ಪಳಂಗಪ್ಪನವರ ಬೇಲಿಯಲ್ಲಿ ಹಾಲುವಾಣ
ಒಂದೆಲೆಯೂ ಇಲ್ಲದೆ ಕೆಂಪಗೆ ಹೂತು ನಿಂತಿದೆ.
ಗೊರವಂಕ, ಕಾಜಾಣ, ಸೂರಕ್ಕಿ, ಎಲೆಹಕ್ಕಿ;
ಹಣೆಗೆಲ್ಲ ಪರಾಗ ಬಳಿದುಕೊಂಡ ಪಿಕಳಾರ.
'ಅಲ್ಲಿ ಮದುವೆ ಊಟ ಬಡಿಸಿರುವಾಗ
ನಿಮ್ಮ ಸೊಸೈಟಿ ಅಕ್ಕಿ ಯಾರಿಗೆ ಬೇಕು?'

ಹೇಳಿ, ನಕ್ಕು, ಒಳಗೆ ಬಂದು
ಎಡಗೈಯ ಉಂಗುರಬೆರಳು ಒತ್ತಿದಳು.
ಹಸಿರು ದೀಪ.

ಈಗ ನಾನು ಖಾಲಿ ದಿನಗಳನ್ನೂ ಬರೆದಿಡುತ್ತೇನೆ.
ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ: ಯಾರೂ ಇಲ್ಲ.
ಅತ್ತಿ ಹಣ್ಣಾದಾಗ, ಕುಟ್ರನ ಗಂಟಲಿಗೆ ಬಿಡುವಿಲ್ಲದಾಗ: ಇಲ್ಲ.
ಮೇ ತಿಂಗಳ ಕೊನೆಗೆ, ಅಕ್ಕಿಗಲ್ಲ, ಪಕ್ಕದ ಕರಟದ ನೀರಿಗೆ
ಪಿಕಳಾರ ದಂಪತಿ, ಜೊತೆಗೆ ಬಾಲ ಬಾರದ ಎರಡು ಮರಿ.
ಪುಸ್ತಕದಲ್ಲಿ ಬರೆದೆ: ಹೆಸರು ಸೇರ್ಪಡೆ, ಎರಡು.

ಮತ್ತೆ ಕಕ್ಕಡ.
ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ, ಎಲ್ಲರ ನಾಲಗೆ ನೇರಳೆ.
ಬುದ್ಧಿ ಬಂದಿದೆ ನನಗೆ, ತಟ್ಟೆ ಬೋರಲು ಹಾಕಿದ್ದೇನೆ.
ಆದರೂ ಬೆಳಿಗ್ಗೆ ಆ ಮಡಿವಾಳ
ಬೋರಲು ತಟ್ಟೆಯ ಮೇಲೇ ಬಂದು ಕೂತು
ಕತ್ತು ಓರೆ ಮಾಡಿ
ಅಂಗಡಿಯ ಕಡೆ ನೋಡಿತು.

ಒಳಗೆ ಹೋಗಿ ಒಂದೊಂದೇ ಮೂಟೆ ಬಿಚ್ಚಿ
ನುಸಿ ಹುಡುಕುತ್ತಿದ್ದೇನೆ.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಸಿಗಲಪ್ಪಾ ಎಂದು.